ಮೂರನೇ ಮಡಿಯ ಸೀರೆ ಬೇಲಿ

ಬೋರ್‌ವೆಲ್ ನೀರಿನಲ್ಲಿ ಬೆಳೆಸಿದ ಹುಲ್ಲುಗಾವಲನ್ನು ಐದು ಮಡಿ ಮಾಡಿದ್ದೆ. ವಾರಕ್ಕೊಂದರಲ್ಲಿ ಹಸು ಮೇಯಬೇಕು, ಮೇಯ್ದ ಮಡಿಗೆ ನೀರು ಬಿಡಬೇಕು, ಅದು ಚಿಗುರುವ ತನಕ ಅತ್ತ ಹಸು ಬಿಡಬಾರದು. ಮಡಿಗಳ ನಡುವೆ ಹೆಂಡತಿಯ ಹಳೆಯ ಸೀರೆಗಳ ಬೇಲಿ. ತಾಯಲೂರು ಕಡೆ ನಮಗೆಲ್ಲ ಅದೇ ಬೇಲಿ.

ಆ ಸಲ ಮೂರನೇ ಮಡಿಯನ್ನು ಸರದಿ ಬರುವ ಮೊದಲೇ ಯಾರೋ ಮೇಯಿಸುತ್ತಿದ್ದರು. ದಿನಾ ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಒಂದಿಷ್ಟು ಖಾಲಿ. ನಮ್ಮ ಗಬ್ಬದ ಹಸು ಪಾಪ, ಗೂಟದಲ್ಲೇ ನಿಂತಿರುತ್ತಿತ್ತು. ಬೇಲಿಯಲ್ಲಿ ಮಾತ್ರ ಹಸಿರು ಸೀರೆಯ ಹೊಸ ಗಂಟು. ಆ ಸೀರೆ ಪಕ್ಕದ ಹೊಲದ ಅತ್ತಿಗೆಯದು. ಅಮ್ಮನಿಲ್ಲದ ನನಗೆ ಅನ್ನ ಹಾಕಿ ಬೆಳೆಸಿದವರು. ಆದರೂ ಅನುಮಾನ ಹೊಕ್ಕಿತು: ಬೇಲಿ ಬಿಚ್ಚಿ ತಮ್ಮ ಹಸು ನುಗ್ಗಿಸಿ, ಏನೂ ಅರಿಯದವರ ಹಾಗೆ ಮತ್ತೆ ಕಟ್ಟಿ ಹೋಗುತ್ತಾರೆ!

ಅವರು ಎದುರು ಬಂದು ಬಾಯಿ ತೆರೆದರೆ ಮುಖ ತಿರುಗಿಸಿದೆ. ಒಂದು ದಿನ ಡೈರಿಯ ಸಾಲಿನಲ್ಲಿ, ಅವರು ಕ್ಯಾನ್ ಹಿಡಿದು ಬರುವುದನ್ನು ನೋಡಿಯೇ ಗಟ್ಟಿಯಾಗಿ ಅಂದೆ: "ಕೆಲವರ ಹಸು ಪುಕ್ಕಟೆ ಮೇಯ್ದೇ ಹಾಲು ಜಾಸ್ತಿ ಕೊಡ್ತವೆ ಕಣ್ರಪ್ಪಾ!" ಎಲ್ಲರೂ ನಕ್ಕರು. ಅತ್ತಿಗೆ ಹಾಲು ಹಾಕದೆ ವಾಪಸ್ ಹೋದರು. ನನಗೆ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕೈಯಾರೆ ಹಿಡಿಯಬೇಕೆಂದು ಹಾಲು ಹೆಂಡತಿಯ ಕೈಗೆ ಕೊಟ್ಟು, ಮೋಟಾರ್ ರೂಮಿನ ಹಿಂದೆ ಕೂತೆ. ಸ್ವಲ್ಪ ಹೊತ್ತಿಗೆ ನಮ್ಮದೇ ಹಸು ತಲೆ ಕೊಡವಿ ಹಗ್ಗ ಕಳಚಿಕೊಂಡು, ಸೀರೆ ಹರಿದುಕೊಂಡು ಮೂರನೇ ಮಡಿಗೆ ನುಗ್ಗಿತು. ಅಯ್ಯೋ ಕಳ್ಳಿ! ನಾನು ಏಳುವಷ್ಟರಲ್ಲಿ ಅತ್ತಿಗೆ ಓಡಿ ಬಂದರು. ಹಸುವನ್ನು ಹೊರಗಟ್ಟಿ ಗೂಟಕ್ಕೆ ಬಿಗಿದು, ಹರಿದ ಬೇಲಿಗೆ ಹಸಿರು ತುಂಡು ಕಟ್ಟತೊಡಗಿದರು.

ಎದುರು ಹೋಗಿ ನಿಂತೆ.

"ಅತ್ತಿಗೆ, ನಂಗೆ ಹೇಳ್ಬಾರ್ದಿತ್ತಾ?"

"ಎರಡು ಸಲ ಬಂದೆ. ನೀನೇ ಮುಖ ತಿರುಗಿಸ್ಕೊಂಡೆ."

"ಇಷ್ಟಾದ್ಮೇಲೂ ಯಾಕೆ..."

ಅವರು ಗಂಟು ಬಿಗಿದರು. "ಇಬ್ಬನೀಲಿ ಎಳೆ ಹುಲ್ಲು ತಿಂದ್ರೆ ಹೊಟ್ಟೆ ಉಬ್ಬರಿಸಿ ಸಾಯ್ತದೆ. ಗಬ್ಬದ್ದು ಪಾಪ, ಅದಕ್ಕೆ. ನಿನಗೋಸ್ಕರ ಅಲ್ಲ ಕಣೋ."