ಪೆಟ್ಟಿಗೆಯೊಳಗಿನ ನೆದರೈಟ್ ಕವಚ

ಮಲೇಶಿಯಾದ ಪೆಟಾಲಿಂಗ್ ಜಯಾದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುವ ಉಡುಪಿಯ ಸುಗಂಧಿ ಒಳ್ಳೆಯ ಸಾಮಾನನ್ನು ಸುಲಭಕ್ಕೆ ಬಳಕೆಗೆ ತೆಗೆಯುವವರಲ್ಲ. ಮದುವೆಗೆ ಬಂದ ಡಿನ್ನರ್ ಸೆಟ್ಟು ಸಮುದ್ರ ದಾಟಿ ಬಂದರೂ ಶೋಕೇಸಿನಲ್ಲೇ ಕೂತಿದೆ. ಮನೆಮಂದಿ ಉಣ್ಣುವುದು ಸ್ಟೀಲ್ ತಟ್ಟೆಯಲ್ಲಿ.

ಮಗಳು ಶ್ರೀಯಾಳ ಕಾಟಕ್ಕೆ ಅವರು ಗಣಿ ಅಗೆಯುವ ಕಂಪ್ಯೂಟರ್ ಆಟವನ್ನೂ ಕಲಿತರು. ಹಿಡಿದದ್ದನ್ನು ಬಿಡುವ ಜಾಯಮಾನ ಅವರದಲ್ಲ. ರಜೆ ಪೂರ್ತಿ ತಾಯಿ ಮಗಳು ಆಟದ ಪಾತಾಳಕ್ಕಿಳಿದು, ಕುದಿಯುವ ಲಾವಾದ ಪಕ್ಕದಲ್ಲೇ ಅಗೆದು, ಸಿಕ್ಕಿದ್ದನ್ನು ಕರಗಿಸಿ, ಚಿನ್ನ ಬೆರೆಸಿ, ಕೊನೆಗೂ ತಮ್ಮ ವಜ್ರದ ಕವಚವನ್ನು ನೆದರೈಟ್ ಕವಚವಾಗಿಸಿದರು. ಆ ಆಟದಲ್ಲಿ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ.

ಸುಗಂಧಿ ಅದನ್ನು ಕಣ್ತುಂಬ ನೋಡಿದರು. ಆಮೇಲೆ ಆಟದ ಮನೆಯ ಪೆಟ್ಟಿಗೆಯೊಳಗೆ ಜೋಪಾನವಾಗಿಟ್ಟು, ಹಳೆಯ ಕಬ್ಬಿಣದ ಕವಚ ತೊಟ್ಟು ಮತ್ತೆ ಗಣಿಗೆ ಹೊರಟರು. ಹೋದವರೇ ಕಾಲು ಜಾರಿ ಲಾವಾಕ್ಕೆ ಬಿದ್ದರು. ಕವಚ, ಗುದ್ದಲಿ ಎಲ್ಲ ಭಸ್ಮ.

"ಅಮ್ಮಾ, ಯು ಶುಡ್ ವೇರ್ ಇಟ್ ಲಾ!" ಶ್ರೀಯಾ ಮಲೇಶಿಯಾದ ಇಂಗ್ಲಿಷಿನಲ್ಲಿ ಕೂಗಿ ತಲೆ ಚಚ್ಚಿಕೊಂಡಳು.

"ಹಾಕಿದ್ರೆ ಅದೂ ಸುಟ್ಟು ಹೋಗ್ತಿತ್ತಲ್ಲ ಮಾರಾಯ್ತಿ! ನಾನು ತೆಗೆದಿಟ್ಟದ್ದಕ್ಕೆ ಉಳಿದದ್ದು," ಎಂದು ಸುಗಂಧಿ ರೇಗಿದರು.

"ನೆದರೈಟ್ ಡಸಂಟ್ ಬರ್ನ್, ಅಮ್ಮಾ! ಲಾವಾದಲ್ಲೂ!"

ಆ ಆಟದಲ್ಲಿ ಸತ್ತವರು ಮನೆಯಲ್ಲೇ ಮತ್ತೆ ಹುಟ್ಟುತ್ತಾರೆ. ಹಾಗೆ ಹುಟ್ಟಿದ ಸುಗಂಧಿ ಸೀದಾ ಹೋಗಿ ಪೆಟ್ಟಿಗೆ ತೆರೆದರು. ಕವಚ ಫಳಫಳ ಹೊಳೆಯುತ್ತಿತ್ತು. ಒಂದು ಗಳಿಗೆ ಯೋಚಿಸಿ, ಪೆಟ್ಟಿಗೆ ಮುಚ್ಚಿದರು.

"ಆಯ್ತು, ದೀಪಾವಳಿಗೆ ಹಾಕುವ."