ಸಡಿಲವಾಗದ ಕಾಲರ್

ಟೈಲರ್ ಕಾಕನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಕುವೈತಿನಲ್ಲಿ ಹೊಲಿಯುತ್ತಿದ್ದಾಗ ಮಿಷನ್ನಿನ ಸೂಜಿ ಹೊಕ್ಕ ಗುರುತು ಅದು. ಅತ್ತಾವರದ ಅವರ ಪುಟ್ಟ ಅಂಗಡಿಯಲ್ಲಿ ನಮ್ಮಂಥ ನರ್ಸುಗಳ ಯೂನಿಫಾರ್ಮು ಹೊಲಿಯುವಾಗ ಆ ಬೆರಳೇ ಬಟ್ಟೆಯ ಮೇಲೆ ಮುಂದೆ ಮುಂದೆ ಓಡುತ್ತಿತ್ತು. ಪಕ್ಕದ ಹೊಲಿಗೆಯಲ್ಲಿ ಯಾವಾಗಲೂ ಎರಡು ಬೆರಳಿನಷ್ಟು ಬಟ್ಟೆ ಒಳಗೆ ಬಿಡುತ್ತಿದ್ದರು. “ಈಗ ಕಡ್ಡಿಯ ಹಾಗೆ ಇದ್ದೀರಿ ಸಿಸ್ಟರ್. ಮದುವೆಯಾದ ಮೇಲೆ ಬಿಚ್ಚಲಿಕ್ಕೆ ಬೇಕಾಗ್ತದೆ,” ಎಂದು ನಗುತ್ತಿದ್ದರು. ಬೇಕಾಯಿತು ಕೂಡ.

ಅಂಗಡಿಯ ಮೂಲೆಯ ಟಿವಿಯಲ್ಲಿ ಸದಾ ವಾರ್ತೆ. ಯಾರು ಯಾರಿಗೆ ಬಾಂಬು ಹಾಕಿದರೂ ಕಾಕ ಹಾಕಿದವರ ಕಡೆ. ಅದಕ್ಕೆ ಕಾರಣವಿತ್ತು. ಪಕ್ಕದ ದೇಶದ ಸೈನ್ಯ ಕುವೈತಿಗೆ ನುಗ್ಗಿದಾಗ ಕತ್ತರಿಯೊಂದನ್ನೇ ಹಿಡಿದುಕೊಂಡು ಊರಿಗೆ ಓಡಿಬಂದವರು ಅವರು. ಹೊರಗಿನ ಸೈನ್ಯಗಳು ಬಂದು ಆ ಸೈನ್ಯವನ್ನು ಅಟ್ಟಿದ ಮೇಲೆ ತಿರುಗಿ ಹೋಗಿ ಅದೇ ಅಂಗಡಿಯ ಬಾಗಿಲು ತೆಗೆದಿದ್ದರು. “ಏಟು ಬಿದ್ದದ್ದಕ್ಕೇ ಅಲ್ವಾ ಅವ ಹೊರಗೆ ಹೋದದ್ದು? ಬರೀ ಮಾತಿಗೆ ಹೋಗ್ತಿದ್ದನಾ?” ಎನ್ನುತ್ತಿದ್ದರು. ಆಮೇಲೆ ದಿಗ್ಬಂಧನ ಹಾಕಿ ಆ ದೇಶದ ಮಕ್ಕಳ ಔಷಧಿಗೂ ಗತಿಯಿಲ್ಲದಂತೆ ಮಾಡಿದರಲ್ಲ ಎಂದು ನಾನೆಂದರೆ, “ಬಿಗಿ ಮಾಡದೆ ಬಗ್ಗುವುದಿಲ್ಲ ಮಾರಾಯ್ರೆ,” ಎಂದು ದಾರವನ್ನು ಕಚ್ಚಿ ತುಂಡು ಮಾಡುತ್ತಿದ್ದರು.

ಅವರ ಒಬ್ಬನೇ ಮಗ ತೈಲದ ಹಡಗಿನಲ್ಲಿ ಅಡುಗೆಯವನು. ಏಜೆಂಟ್ ಹತ್ತಿಸಿದ ಹೊಸ ಹಡಗು ದಿಗ್ಬಂಧನವಿರುವ ಬೇರೊಂದು ದೇಶದ ಎಣ್ಣೆ ಸಾಗಿಸುತ್ತಿದೆಯೆಂದು ಅವನಿಗೆ ಗೊತ್ತಾದದ್ದು ಯಾವ ಬಂದರಿನವರೂ ಒಳಗೆ ಬಿಡದಿದ್ದಾಗ. ಮಾಲೀಕ ಫೋನು ಎತ್ತುವುದನ್ನೇ ಬಿಟ್ಟ. ಪರದೇಶದ ಬಂದರೊಂದರ ಹೊರಗೆ ಹಡಗು ಲಂಗರು ಹಾಕಿ ನಿಂತಿತು. ದಡ ಕಣ್ಣಿಗೆ ಕಾಣುತ್ತಿತ್ತು, ಇಳಿಯುವ ಹಾಗಿರಲಿಲ್ಲ.

ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗಲೇ ಅವನ ವಿಡಿಯೋ ಕಾಲ್ ಬಂತು. ಊಟ ಉಂಟು, ಎಂತ ತೊಂದರೆಯೂ ಇಲ್ಲ ಎಂದ. ಕಾಕ ತಲೆಯಾಡಿಸಿ ಫೋನು ಕೆಳಗಿಟ್ಟರು.

“ಸುಳ್ಳು ಹೇಳ್ತಾನೆ ಸಿಸ್ಟರ್. ಆ ಅಂಗಿ ನಾನೇ ಹೊಲಿದದ್ದು. ಈಗ ಕಾಲರಿನ ಒಳಗೆ ನನ್ನ ಇಡೀ ಕೈ ಹೋಗ್ತದೆ.”

ಟಿವಿಯಲ್ಲಿ ಟೈ ಕಟ್ಟಿದ ಪಂಡಿತನೊಬ್ಬ ದಿಗ್ಬಂಧನದ ಬಿಸಿ ಚೆನ್ನಾಗಿಯೇ ತಟ್ಟಿದೆ ಎನ್ನುತ್ತಿದ್ದ. ಬಿಸಿ ತಟ್ಟಬೇಕಾಗಿದ್ದ ಆ ದೇಶದ ದೊರೆ ಅದೇ ಪರದೆಯ ಮೇಲೆ ಕವಾಯತಿನ ವಂದನೆ ಸ್ವೀಕರಿಸುತ್ತಿದ್ದ. ಕಾಕ ಎದ್ದು ಹತ್ತಿರ ಹೋಗಿ ನೋಡಿದರು.

“ಇವನ ಕಾಲರ್ ನೋಡಿ. ಒಂದು ನೂಲಿನಷ್ಟು ಸಡಿಲ ಉಂಟಾ?”

ಟಿವಿ ಆರಿಸಿದವರು ಮತ್ತೆ ಹಾಕಲಿಲ್ಲ.

ಮುಂದಿನದು ಇನ್ನೂ ಹೇಸಿಗೆಯದು. ಲಂಗರು ಹಾಕಿದಲ್ಲೇ ಆ ಎಣ್ಣೆಯನ್ನು ಬೇರೆ ಬಾವುಟದ ಹಡಗಿಗೆ ತುಂಬಿಸಿಕೊಂಡು ಹೋದರು. ಕೊಳ್ಳುವವರು ಕೊಂಡರು, ದೊರೆಗೆ ಸಲ್ಲಬೇಕಾದದ್ದು ಸಂದಿತು. ಖಾಲಿ ಹಡಗಿನಲ್ಲಿ ಮಗನೂ ಅವನ ಜೊತೆಯವರೂ ಮಾತ್ರ ಉಳಿದರು. “ಎಣ್ಣೆಗೆ ದಾರಿ ಉಂಟಂತೆ, ನನ್ನ ಮಗನಿಗೆ ಇಲ್ಲವಂತೆ,” ಎಂದ ಕಾಕ ಅಂದಿನಿಂದ ಫೋನಿನಲ್ಲಿ ಮಗನನ್ನು ದಿಟ್ಟಿಸುತ್ತ, ಆ ಸೊರಗಿದ ಮೈಗೆ ಒಂದು ಬಿಳಿ ಅಂಗಿ ಹೊಲಿಯತೊಡಗಿದರು.

ಎದೆನೋವೆಂದು ಅವರನ್ನು ಕರೆತಂದದ್ದು ನಾನಿದ್ದ ವಾರ್ಡಿಗೇ. ಅಂಗಿಯ ಪೊಟ್ಟಣ ಜೊತೆಗಿತ್ತು. “ಅವ ಬಂದರೆ ಕೊಡಿ,” ಎಂದರು. ಮರುದಿನ ಹೋಗಿಬಿಟ್ಟರು. ಮಣ್ಣು ಮಾಡುವಾಗ ಗುಂಡಿಗಿಳಿದು ತಂದೆಯನ್ನು ಮಲಗಿಸಬೇಕಾದ ಮಗ ಕಡಲ ಮೇಲಿದ್ದ. ಅವನ ಬದಲು ಅಳಿಯ ಇಳಿದನಂತೆ. ಯಾವ ದೊರೆಯನ್ನು ಬಗ್ಗಿಸಲು ಇದೆಲ್ಲ ಎಂದು ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ.

ಕೊನೆಗೂ ಹಡಗಿನವರನ್ನು ಬಿಟ್ಟರು. ಊರಿಗೆ ಬಂದ ಹುಡುಗ ಮುಚ್ಚಿದ್ದ ಅಂಗಡಿಯ ಬಾಗಿಲು ತೆಗೆದು, ನಾನು ಕೊಟ್ಟ ಅಂಗಿಯನ್ನು ಅಲ್ಲೇ ತೊಟ್ಟು ನಿಂತ. ಭುಜ, ಕಾಲರ್ ಎಲ್ಲ ಸರಿಯಾಗಿ ಕೂತವು. ಇದೊಂದು ಸಲವಾದರೂ ಆ ಮನುಷ್ಯನ ಅಳತೆ ತಪ್ಪಬಾರದಿತ್ತೇ ಎನ್ನಿಸಿತು.

ಅಂಗಿಯ ಅಂಚು ಮಗುಚಿ ಪಕ್ಕದ ಹೊಲಿಗೆ ನೋಡಿದೆ. ಎರಡು ಬೆರಳಲ್ಲ, ಒಂದು ಅಂಗೈಯಷ್ಟು ಬಟ್ಟೆ ಒಳಗೆ ಬಿಟ್ಟಿದ್ದರು.