ಮುಂಗೈಗೆ ಹಾಕಿ ನೋಡದ ನೀರು

ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆ ಮೇಲೆ ಕುಂಡದಲ್ಲಿ ಒಂದು ದುಂಡುಮಲ್ಲಿಗೆ ಗಿಡ. ಹುಮನಾಬಾದಿನ ಮನೆ ಬಿಟ್ಟು ಬರುವಾಗ ಅತ್ತೆ ಅದರ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಈಗ ಅವರಿಗೆ ಮೆಟ್ಟಿಲು ಹತ್ತಲಾಗದು. ನಾನು ಬಿಡಿಸಿ ತಂದ ಹೂವನ್ನು ಅಂಗೈಯ ಲಿಂಗಕ್ಕೆ ಏರಿಸಿದ ಮೇಲೆಯೇ ಅವರು ಚಹಾ ಮುಟ್ಟುವುದು.

ಹೋದ ಬೇಸಿಗೆಯಲ್ಲಿ ಗಿಡ ಸೊರಗಿತ್ತು. ಹಳ್ಳಿಖೇಡದಲ್ಲಿ ಕಬ್ಬು ಬೆಳೆಯುವ ನನ್ನ ಮೈದುನ ಒಂದು ಬಾಟಲಿ ಕಂದು ರಸ ತಂದುಕೊಟ್ಟ. ಮೂಗಿಗೆ ಹಿಡಿದರೆ ಎಂಥದೋ ವಾಸನೆ.

“ಮೀನಿಂದೇನಪ್ಪಾ ಇದು? ಲಿಂಗಕ್ಕ ಏರಿಸೋ ಹೂವಿನ ಗಿಡ ಅದು.”

“ಮೀನಲ್ರಿ ವೈನಿ. ಸಮುದ್ರದಾಗ ಬೆಳಿಯೋ ಗಿಡದ ರಸ, ಕೆಲ್ಪ್ ಅಂತಾರ. ಕಬ್ಬಿಗಿ ಹೊಡಿತೀವಿ. ಒಂದು ಮುಚ್ಚಳ ನೀರಾಗ ಕಲಸಿ ಹಾಕ್ರಿ.”

ಒಳಗಿನಿಂದ ಅತ್ತೆ ಅಂದರು, “ಸಗಣಿ ಉಂಡ ಗಿಡದ ಹೂವು ನಡಿತದ, ಇದು ನಡಿಯಂಗಿಲ್ಲೇನು? ಹಾಕವ್ವಾ.”

ಹಾಕಿದೆ. ಗಿಡ ಚಿಗುರಿತು, ಮೊಗ್ಗು ಹಿಡಿಯಿತು. ನೋಡದ ಸಮುದ್ರಕ್ಕೂ ಒಂದು ಶರಣು ಅಂದೆ.

ಈ ಬೇಸಿಗೆ ಬಾಟಲಿ ತಳ ಕಂಡಿತ್ತು. ಮೈದುನ ಬರಿಗೈಲಿ ಬಂದ. “ಅಂಗಡ್ಯಾಗ ಸಿಗವಲ್ದು ವೈನಿ. ಸಮುದ್ರದ ನೀರು ಬಿಸಿ ಆಗಾಕತ್ತದಂತ. ಆ ಗಿಡಾ ಸಾಯಾಕತ್ತಾವಂತ.”

ನನಗೆ ನಗು ಬಂತು. “ನೀರಿಲ್ದ ಸತ್ತಾವಂದ್ರ ನಂಬ್ತೀನಿ. ನೀರಾಗ ನಿಂತದ್ದು ಹ್ಯಾಂಗ ಸಾಯ್ತದೋ? ಅಂಗಡ್ಯಾವ ನಿನಗ ಟೋಪಿ ಹಾಕ್ಯಾನ.”

ಅವನು ಮೊಬೈಲಿನಲ್ಲಿ ತೋರಿಸಿದ. ನೀರಿನೊಳಗೆ ನಮ್ಮ ಕಬ್ಬಿನ ಹೊಲದಂತೆ ಎತ್ತರದ ಗಿಡಗಳು, ಎಲೆಗಳ ನಡುವೆ ಮೀನು. ಆಮೇಲೆ ಅದೇ ಜಾಗ, ಬರೀ ಬಂಡೆ. ತಣ್ಣೀರಿನಲ್ಲೇ ಬಾಳುವ ಗಿಡವಂತೆ. ನೀರು ತುಸು ಬೆಚ್ಚಗಾಗಿ ಹಾಗೇ ನಿಂತುಬಿಟ್ಟರೆ ತಾಳಿಕೊಳ್ಳದಂತೆ. “ಇರ್ಲಿ ಬಿಡು, ಊಟಕ್ಕ ಏಳು” ಅಂದೆ.

ಆ ವಾರ ಮನೆ ತುಂಬ ನೆಂಟರು. ಬೆಳಗ್ಗೆ ಹೂ ಬಿಡಿಸಿ ಇಳಿಯುವ ಅವಸರದಲ್ಲಿ ನೀರಿನ ನೆನಪಾಗುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಮೇಲೆ ಓಡುವುದು. ಕಪ್ಪು ಟಾಕಿಯ ನಳಕ್ಕೆ ಪ್ಲಾಸ್ಟಿಕ್ ಬಕೆಟ್ ಹಿಡಿದು, ಅದರಲ್ಲಿ ಉಳಿದ ರಸ ಕಲಸಿ, ಕುಂಡ ತುಂಬ ಸುರಿಯುವುದು. ನೆಂಟರು ಇದ್ದಷ್ಟು ದಿನವೂ ಇದೇ ಆಯಿತು. ಗಿಡಕ್ಕೆ ಒಂದು ದಿನವೂ ತಪ್ಪಿಸಲಿಲ್ಲ ಎಂಬ ಸಮಾಧಾನ ಬೇರೆ.

ನೆಂಟರು ಹೋದ ದಿನ ನೋಡಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಮಣ್ಣು ಮಾತ್ರ ಹಸಿ. ಒಂದು ಟೊಂಗೆ ಮುರಿದು ತಂದು ಅತ್ತೆಯ ಕೈಗೆ ಕೊಟ್ಟೆ.

“ನೀರು ಎಲ್ಲೀದು ಹಾಕ್ದಿ?”

“ಟಾಕಿದ್ರಿ ಅತ್ತಿ. ಮಧ್ಯಾಹ್ನ.”

“ಮುಂಗೈಗೆ ಹಾಕಿ ನೋಡಿದ್ಯಾ?”

ದಿನಾ ಲಿಂಗಕ್ಕೆ ನೀರೆರೆಯುವ ಮೊದಲು ನಾನು ಮುಂಗೈಗೆ ಒಂದು ಹನಿ ಹಾಕಿ ನೋಡುತ್ತೇನೆ, ಅತ್ತೆಯೇ ಕಲಿಸಿದ್ದು. ಅವರಿಗೆ ಸ್ನಾನ ಮಾಡಿಸುವಾಗಲೂ ಹಾಗೆಯೇ. ಲಿಂಗಕ್ಕೆ ಹೂ ಕೊಡುವ ಗಿಡಕ್ಕೆ ಮಾತ್ರ ನೋಡಲಿಲ್ಲ. ಬಿಸಿಲಿಗೆ ಕಾದ ಟಾಕಿಯ ನೀರು ಕೊಟ್ಟೇ ಬೇರು ಸುಟ್ಟೆ. ಸಮುದ್ರದ ಗಿಡದ ಮಾತಿಗೆ ನಕ್ಕಿದ್ದೂ ಇದೇ ಬಾಯಿ, ಅದೂ ಆ ಗಿಡದ ರಸ ಮನೆಯಲ್ಲಿಟ್ಟುಕೊಂಡು.

ಅತ್ತೆ ಬೈದಿದ್ದರೆ ಹಗುರಾಗುತ್ತಿತ್ತು. “ಪತ್ರಿ ಅದ ಅಲಾ, ಆತು” ಅಂದು ಬಿಲ್ವದ ಎಲೆ ಏರಿಸಿ ಚಹಾ ಕುಡಿದರು. ಅದೊಂದು ಕರುಣೆ. ಕೆಲವು ದಿನಗಳ ಮೇಲೆ ಮಣ್ಣಿಗೆ ತಾಗಿದಂತೆ ಬುಡದಲ್ಲೊಂದು ಹಸಿರು ಚಿಗುರುಗಣ್ಣು ಮೂಡಿತು. ಅದು ಇನ್ನೊಂದು.

ಮೈದುನ ಎಲ್ಲೋ ಹುಡುಕಿ ಹೊಸ ಬಾಟಲಿ ತಂದಿದ್ದಾನೆ. “ಹಾಕ್ರಿ ವೈನಿ, ಲಗೂನ ಏಳ್ತದ” ಅಂದ. ಜಗುಲಿಯ ಪಕ್ಕ ಇಟ್ಟಿದ್ದೇನೆ, ಮುಚ್ಚಳ ತೆಗೆಯಲು ಕೈ ಬರುತ್ತಿಲ್ಲ. ಆ ಬರೀ ಬಂಡೆ ಕಣ್ಣ ಮುಂದೆ ಬರುತ್ತದೆ. ಈಗ ಸೂರ್ಯ ಏರುವ ಮೊದಲೇ ಮೇಲೆ ಹೋಗಿ, ಹಿಂದಿನ ದಿನ ಕೊಡದಲ್ಲಿ ಹಿಡಿದಿಟ್ಟ ನೀರನ್ನು ಮುಂಗೈಗೆ ಹಾಕಿ ನೋಡಿ, ಆಮೇಲೆ ಎರೆಯುತ್ತೇನೆ.

ಇಳಿದು ಬಂದರೆ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಕೇಳುತ್ತಾರೆ, “ಚಿಗುರು ಅದ ಏನು?”

“ಅದರಿ ಅತ್ತಿ. ಇನ್ನಾ ಸಣ್ಣದದ.”